ಕೊಳಾಲದ ಸೋಮವಾರ

ಜೋಡೆತ್ತು ಯಂತ್ರ ಸೇವೆಯ ನಾಲ್ಕು ಕೇಂದ್ರಗಳು ಹನ್ನೆರಡು ವರ್ಷ ಒಂದೇ ಬೋರ್ಡಿನ ಕೆಳಗೆ, ಮಾತು ಬಿಟ್ಟ ವಾರಗಿತ್ತಿಯರ ಹಾಗೆ ಸಂಸಾರ ಮಾಡಿದ್ದವು. ಟ್ರ್ಯಾಕ್ಟರು, ಕಡಲೆಕಾಯಿ ಬಿಡಿಸುವ ಯಂತ್ರ, ರಾಗಿ ಒಕ್ಕುವ ಯಂತ್ರ ಇವನ್ನೆಲ್ಲ ರೈತರಿಗೆ ಬಾಡಿಗೆಗೆ ಕೊಡುವುದು ಅವರ ಕಸುಬು. ಮಧುಗಿರಿಯಲ್ಲಿ ಹೆಡ್ಡಾಫೀಸು, ಶಿರಾದಲ್ಲಿ ಮೆಕ್ಯಾನಿಕ್ ಶೆಡ್ಡೂ ಇರುವ ಕೇಂದ್ರ, ಪಾವಗಡದಲ್ಲಿ ಒಂದು ಕೇಂದ್ರ, ಕೊರಟಗೆರೆ ತಾಲ್ಲೂಕಿನವರಿಗೆ ಕೊಳಾಲದಲ್ಲಿ ಇನ್ನೊಂದು. ಕಂಪ್ಯೂಟರು ಬಂದ ಕಾಲಕ್ಕೆ ಒಬ್ಬೊಬ್ಬರೂ ತಮಗೆ ಸಿಕ್ಕವರ ಕೈಯಲ್ಲಿ ಒಂದೊಂದು ಪ್ರೋಗ್ರಾಂ ಬರೆಸಿಕೊಂಡರು. ಮಧುಗಿರಿಯದನ್ನು ಬರೆದವನು ಈಗ ಎಲ್ಲಿದ್ದಾನೋ ದೇವರೇ ಬಲ್ಲ. ಶಿರಾದ್ದು ಗ್ಯಾರೇಜುಗಳಿಗೆಂದೇ ಮಾಡಿದ್ದು. ಪಾವಗಡದವರು ರಾಯಚರ್ಲು ಕಡೆ ಸೋಲಾರ್ ಪ್ಲೇಟು ತೊಳೆಯಲು ನೀರಿನ ಟ್ಯಾಂಕರನ್ನೂ ಕಳಿಸುತ್ತಿದ್ದರಿಂದ ಅವರದೆಲ್ಲ ಮೊಬೈಲಿನಲ್ಲೇ. ಕೊಳಾಲದ್ದಂತೂ ಹೆಸರಿಗೆ ಮಾತ್ರ ಪ್ರೋಗ್ರಾಂ. ಏಳು ಟ್ರ್ಯಾಕ್ಟರಿನ ನಂಬರು, ಪ್ರತಿ ನಂಬರಿನ ಮುಂದೆ ಮೂರು ಮಾತಿನಲ್ಲಿ ಒಂದನ್ನು ಒತ್ತುವ ಜಾಗ: ಸಿದ್ಧ, ಕೆಲಸದಲ್ಲಿ, ರಿಪೇರಿ. ಅಷ್ಟೇ.

ಇದರ ಫಲವೇನೆಂದರೆ, ಮಧುಗಿರಿಯ ಗಡಿಯ ರೈತನೊಬ್ಬ ಟ್ರ್ಯಾಕ್ಟರು ಕೇಳಿದರೆ ಇಲ್ಲಿ ಇಲ್ಲ ಅನ್ನುತ್ತಿದ್ದರು. ಅವನ ಹೊಲದಿಂದ ಕೂಗಳತೆಯಲ್ಲಿ ಪಾವಗಡದ ಮೂರು ಟ್ರ್ಯಾಕ್ಟರು ಬಿಸಿಲು ಕಾಯುತ್ತಾ ನಿಂತಿರುತ್ತಿದ್ದವು. ಪಾಪ, ಅವನಿಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ.

ಯಜಮಾನರಾದ ಮಹಾಲಿಂಗಯ್ಯನವರಿಗೆ ಎಪ್ಪತ್ತೈದು ತುಂಬಿ, ವ್ಯವಹಾರ ಮಗ ಪ್ರಸನ್ನಕುಮಾರನ ಕೈಗೆ ಬಂದ ಮೇಲೆ ಇದಕ್ಕೊಂದು ಗತಿ ಕಾಣಿಸುವ ಮಾತು ಎದ್ದಿತು. ಪ್ರಸನ್ನಕುಮಾರ್ ಕೆಟ್ಟವನಲ್ಲ. ಲೆಕ್ಕಾಚಾರದ ಮನುಷ್ಯ, ಕಂಡದ್ದನ್ನು ನಂಬುವವನು. ನಾಲ್ಕೂ ಹಳೆಯ ಪ್ರೋಗ್ರಾಂಗಳನ್ನು ಕಿತ್ತೆಸೆದು ಒಂದೇ ದೊಡ್ಡದನ್ನು ಹೊರಗಿನಿಂದ ತರಿಸುವುದು ಅವನ ಯೋಜನೆ. ಅದರ ಜೊತೆಗೆ ಇನ್ನೊಂದು ಇತ್ತು. ತಿಂಗಳ ಕೊನೆಗೆ ಹೆಡ್ಡಾಫೀಸಿಗೆ ಬರುವ ಒಟ್ಟು ಪಟ್ಟಿಯಲ್ಲಿ ಕೊಳಾಲದ ಏಳು ಟ್ರ್ಯಾಕ್ಟರುಗಳು ಎಲ್ಲಕ್ಕಿಂತ ಹೆಚ್ಚು ದಿನ ರಿಪೇರಿಯಲ್ಲಿ ಬಿದ್ದಿರುತ್ತಿದ್ದವು. ಆ ಡಬ್ಬಾ ಗಾಡಿಗಳನ್ನು ಮಾರಿ, ಕೊಳಾಲ ಮುಚ್ಚಿ, ಮೂರೇ ಕೇಂದ್ರ ಇಟ್ಟುಕೊಂಡರೆ ಸಾಕು ಎಂದು ಅವನು ತೀರ್ಮಾನಿಸಿದ್ದ.

ಇದಕ್ಕೆ ಅಡ್ಡ ನಿಂತವಳು ಲೋಹಿತಾ. ಮಧುಗಿರಿಯವಳೇ, ತುಮಕೂರಿನಲ್ಲಿ ಎಂಸಿಎ ಮಾಡಿ ಆರು ವರ್ಷದಿಂದ ಹೆಡ್ಡಾಫೀಸಿನ ಮಹಡಿಯಲ್ಲಿ ಬೆಟ್ಟಕ್ಕೆ ಮುಖ ಮಾಡಿ ಕೂತು ಕಂಪನಿಯ ಕಂಪ್ಯೂಟರುಗಳನ್ನೆಲ್ಲ ಸಾಕುತ್ತಿದ್ದವಳು. ತನಗೆ ಗೊತ್ತಿರುವುದು ಗೊತ್ತಿದೆ ಅನ್ನಲು ಅವಳಿಗೆ ಯಾವತ್ತೂ ಸಂಕೋಚವಿಲ್ಲ. ಯಾವುದನ್ನೂ ಕೀಳುವುದು ಬೇಡ ಎಂದಳು ಸಭೆಯಲ್ಲಿ. ಪ್ರತಿ ಕೇಂದ್ರಕ್ಕೂ ಒಂದು ಬಾಗಿಲು ಇಡೋಣ. ಹೊರಗಿನವರು ಬಾಗಿಲಲ್ಲಿ ನಿಂತು ಇಂಥದ್ದೇ ರೀತಿಯಲ್ಲಿ ಕೇಳಬೇಕು, ಒಳಗಿನವರು ಇಂಥದ್ದೇ ರೀತಿಯಲ್ಲಿ ಉತ್ತರ ಕೊಡಬೇಕು ಎಂದು ನಾಲ್ಕು ಕೇಂದ್ರಕ್ಕೂ ಒಂದು ಕರಾರು ಬರೆಯೋಣ. ಒಳಗೆ ಅವರು ಒಲೆ ಎಲ್ಲಿ ಹಚ್ಚುತ್ತಾರೆ, ಪಾತ್ರೆ ಎಲ್ಲಿ ಇಡುತ್ತಾರೆ ಅನ್ನುವುದು ನಮಗೆ ಬೇಡದ ವಿಷಯ. ಮದುವೆ ಮನೆಯಲ್ಲಿ ವಾಲಗದವರಿಗೆ ಅಡುಗೆ ಕಲಿಸುತ್ತೇವಾ, ಅಡುಗೆಯವರಿಗೆ ಶಾಮಿಯಾನ ಹಾಕಲು ಹೇಳುತ್ತೇವಾ? ಮುಹೂರ್ತ ಎಷ್ಟಕ್ಕೆ, ಊಟ ಎಷ್ಟಕ್ಕೆ ಅಂದರೆ ಮುಗಿಯಿತು, ಮದುವೆ ತಾನಾಗಿ ನಡೆಯುತ್ತದೆ. ಇದಕ್ಕೆ ಓದಿದವರು ಸರ್ವೀಸ್ ಓರಿಯೆಂಟೆಡ್ ಆರ್ಕಿಟೆಕ್ಚರ್ ಎಂದು ಹೆಸರಿಟ್ಟಿದ್ದಾರೆ. ಲೋಹಿತಾ ಆ ಹೆಸರನ್ನು ಒಂದೇ ಸಲ ಹೇಳಿ, ಯಜಮಾನರ ಮುಖ ನೋಡಿ, ಮತ್ತೆ ಎತ್ತಲಿಲ್ಲ.

ಮಹಾಲಿಂಗಯ್ಯನವರಿಗೆ ಮದುವೆ ಮನೆಯ ಮಾತು ಹಿಡಿಸಿತು. ಮಗನಿಗೆ ಹಿಡಿಸಲಿಲ್ಲ. ಮಾತಿಗೆ ಮಾತು ಬೆಳೆದು ಕೊನೆಗೆ ಏಳು ದಿನದ ಪರೀಕ್ಷೆ ಎಂದಾಯಿತು. ಕಡಲೆಕಾಯಿ ಕೀಳುವ ಸುಗ್ಗಿಯಲ್ಲೇ ನಡೆಸೋಣ, ಹೊಲದಲ್ಲಿ ಕೆಟ್ಟು ನಿಂತ ಯಾವುದೇ ಯಂತ್ರಕ್ಕೆ ಮೂರು ಗಂಟೆಯೊಳಗೆ ಮೆಕ್ಯಾನಿಕ್ ಮುಟ್ಟದಿದ್ದರೆ ನಾನು ಸೋತೆ ಎಂದು ಲೋಹಿತಾಳೇ ಬಾಯಿ ಬಿಟ್ಟು ಹೇಳಿದಳು. ಮೂರು ಗಂಟೆ ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಸೋತರೆ ದೊಡ್ಡ ಪ್ರೋಗ್ರಾಂ ಬರುತ್ತದೆ, ಕೊಳಾಲ ಮುಚ್ಚುತ್ತದೆ. ಗೆದ್ದರೆ ನಾಲ್ಕೂ ಉಳಿಯುತ್ತವೆ. ಕೊಳಾಲದ ಕೇಂದ್ರ ನೋಡಿಕೊಳ್ಳುವ ಕರಿಬಸಮ್ಮನಿಗೆ ಈ ವಿಷಯ ತಿಳಿಸಿದವಳೂ ಲೋಹಿತಾಳೇ. ಆಕೆ ಫೋನಿನಲ್ಲಿ, ನೀನಿದ್ದೀಯಲ್ಲ ಬುಡು ಎಂದಿದ್ದಳು. ಆ ಮಾತು ಲೋಹಿತಾಳ ಎದೆಯಲ್ಲಿ ಕೂತುಬಿಟ್ಟಿತ್ತು.

ಬುಧವಾರ ಬೆಳಗ್ಗೆ ಆರಕ್ಕೆ ನಾಲ್ಕೂ ಬಾಗಿಲು ತೆರೆದವು. ಮೊದಲ ದಿನವೇ ಮಧುಗಿರಿಯಲ್ಲಿ ಇಲ್ಲದ ಟ್ರ್ಯಾಕ್ಟರನ್ನು ಪಾವಗಡ ಕೊಟ್ಟಿತು. ಎರಡನೆಯ ದಿನ ಪಾವಗಡದ ಟ್ಯಾಂಕರು ಕೆಟ್ಟಾಗ ಶಿರಾದ ಮೆಕ್ಯಾನಿಕ್‌ಗೆ ಯಾರೂ ಫೋನು ಮಾಡಲಿಲ್ಲ. ಪಾವಗಡದ ಪ್ರೋಗ್ರಾಂ ರಿಪೇರಿ ಎಂದು ಹೇಳಿದ್ದನ್ನು ಶಿರಾದ ಪ್ರೋಗ್ರಾಂ ಕೇಳಿಸಿಕೊಂಡು ತಾನೇ ವ್ಯಾನು ಗೊತ್ತುಮಾಡಿತು. ಎರಡು ಗಂಟೆ ಹತ್ತು ನಿಮಿಷಕ್ಕೆ ಕೆಲಸ ಮುಗಿಯಿತು. ಪಾವಗಡದ ಉಸ್ತುವಾರಿ ಲಕ್ಷ್ಮೀಪತಿ ಫೋನು ಮಾಡಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೊಗಳಿದ. ಭಾನುವಾರ ಸಂಜೆಯ ಹೊತ್ತಿಗೆ ಐದು ದಿನ ಕಳೆದು ಒಂದೇ ಒಂದು ತಪ್ಪಿರಲಿಲ್ಲ. ಇನ್ನೆರಡು ದಿನ ತಾನೇ ಎಂದು ಲೋಹಿತಾ ಮನೆಯಲ್ಲಿ ಒಬ್ಬಟ್ಟು ಮಾಡಿಸಿಕೊಂಡು ತಿಂದಳು.

ಸೋಮವಾರ ಎಂಟು ಗಂಟೆಗೆ ಆಫೀಸಿಗೆ ಬಂದು ಪರದೆ ನೋಡಿದಾಗ ಕೊಳಾಲದ ಏಳೂ ಟ್ರ್ಯಾಕ್ಟರುಗಳ ಮುಂದೆ ರಿಪೇರಿ ಎಂದಿತ್ತು. ಏಳೂ ಬೆಳಗ್ಗೆ ಆರಕ್ಕೇ, ಒಂದರ ಹಿಂದೊಂದು. ಒಂದೇ ಜಾಗದಲ್ಲಿ ಏಳು ಯಂತ್ರ ಮಲಗಿವೆ ಅಂದರೆ ಅದಕ್ಕಿಂತ ದೊಡ್ಡ ಅನಾಹುತ ಇನ್ನಾವುದಿದೆ? ಶಿರಾದ ಪ್ರೋಗ್ರಾಂ ಕರಾರಿನಲ್ಲಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಇದ್ದ ಎರಡು ವ್ಯಾನುಗಳಿಗೂ ಟ್ರ್ಯಾಕ್ಟರಿನ ಬಿಡಿಭಾಗ ತುಂಬಿಸಿ ಆರೂ ಇಪ್ಪತ್ತಕ್ಕೆ ಎರಡನ್ನೂ ಕೊಳಾಲಕ್ಕೆ ಅಟ್ಟಿತ್ತು.

ಅವಳು ಅದನ್ನು ಪೂರ್ತಿ ಓದಿ ಮುಗಿಸುವಷ್ಟರಲ್ಲಿ, ಎಂಟೂ ಹತ್ತಕ್ಕೆ, ಕಳ್ಳಂಬೆಳ್ಳದ ಹತ್ತಿರ ಗಂಗಹನುಮಯ್ಯ ಎಂಬ ರೈತನ ಹೊಲದಲ್ಲಿ ಕಡಲೆಕಾಯಿ ಬಿಡಿಸುವ ಯಂತ್ರದ ಬೆಲ್ಟು ಕಿತ್ತುಹೋಯಿತು. ಶಿರಾದಿಂದ ಅದು ಅರ್ಧ ಗಂಟೆಯ ದಾರಿ. ಮೆಕ್ಯಾನಿಕ್ ಬೇಕು ಎಂದು ಕೇಳಿದ್ದಕ್ಕೆ ಶಿರಾದ ಬಾಗಿಲಿನಿಂದ ಬಂದ ಉತ್ತರ, ನಾಲ್ಕು ಗಂಟೆ ಆಗುತ್ತದೆ ಎಂದು.

ಲೋಹಿತಾ ಮೆಕ್ಯಾನಿಕ್‌ಗಳ ಮುಖ್ಯಸ್ಥ ರಂಗೇಶನಿಗೆ ಫೋನು ಹಚ್ಚಿದಳು. ಅವನು ಆಗಷ್ಟೇ ಕೊಳಾಲ ಮುಟ್ಟಿದ್ದ.

"ಬಂದ್ಬುಟ್ಟಿವ್ನಿ ಮೇಡಂ. ಆದ್ರೆ ಇಲ್ಲಿ ಕೆಟ್ಟಿರೋದು ಒಂದೂ ಇಲ್ಲ."

ಏನು ಹಾಗಂದರೆ ಎಂದು ಕೇಳಲು ಅವಳಿಗೆ ಪುರಸೊತ್ತಿರಲಿಲ್ಲ. ಎರಡನೆಯ ವ್ಯಾನು ಕೊರಟಗೆರೆಯಲ್ಲಿ ಕಾಫಿಗೆ ನಿಂತಿತ್ತು. ಅದನ್ನು ಅಲ್ಲಿಂದಲೇ ತಿರುಗಿಸಿದರು. ಆದರೆ ಅದರಲ್ಲಿ ತುಂಬಿದ್ದೆಲ್ಲ ಟ್ರ್ಯಾಕ್ಟರಿನ ಸಾಮಾನು, ಗಂಗಹನುಮಯ್ಯನಿಗೆ ಬೇಕಾದ ಬೆಲ್ಟು ಶಿರಾದ ಶೆಡ್ಡಿನಲ್ಲಿ. ಆದ್ದರಿಂದ ಮೊದಲು ಶಿರಾ, ಆಮೇಲೆ ಕಳ್ಳಂಬೆಳ್ಳ. ಗಂಗಹನುಮಯ್ಯ ನಾಲ್ಕು ಸಲ ಫೋನು ಮಾಡಿ ಬೈದ. ಐದನೆಯ ಸಲ ಬೈಯಲಿಲ್ಲ.

"ಮೋಡ ಕಟ್ಟೈತೆ ಕಣಮ್ಮ," ಎಂದ. "ಬಳ್ಳಿ ಎಲ್ಲಾ ಬಯಲಾಗೆ ಬಿದ್ದೈತೆ. ನೆಂದ್ರೆ ಕಾಯಿ ಮೊಳ್ಕೆ ಬಂದ್ಬುಡ್ತಾವೆ. ಅಷ್ಟೇ ನಾನು ಹೇಳೋದು."

ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ವ್ಯಾನು ಹೊಲ ಮುಟ್ಟಿದಾಗ ಹನ್ನೆರಡೂ ಐದು. ಮೂರು ಗಂಟೆಯ ಮಾತು ಕೊಟ್ಟವಳು ಐವತ್ತೈದು ನಿಮಿಷ ತಡ ಮಾಡಿದ್ದಳು. ಮಳೆ ಸಂಜೆಯವರೆಗೆ ಬರಲಿಲ್ಲ, ಗಂಗಹನುಮಯ್ಯನ ಬೆಳೆ ಉಳಿಯಿತು. ಅದು ಮೋಡದ ಔದಾರ್ಯವೇ ಹೊರತು ಲೋಹಿತಾಳ ಪ್ರೋಗ್ರಾಮಿನದಲ್ಲ. ಅದು ಅವಳಿಗೂ ಗೊತ್ತಿತ್ತು. ಪ್ರಸನ್ನಕುಮಾರ್ ಮಹಡಿ ಹತ್ತಿ ಬಂದು ಪರದೆ ನೋಡಿ, ಏನೂ ಚುಚ್ಚು ಮಾತಾಡದೆ, ಬುಧವಾರ ಹತ್ತಕ್ಕೆ ಸಭೆ, ಎಲ್ಲ ಕೇಂದ್ರದವರೂ ಬರಲಿ ಎಂದು ಹೇಳಿ ಇಳಿದುಹೋದ.

ಊಟ ಬಿಟ್ಟು ಲೋಹಿತಾ ಸ್ಕೂಟರು ಹತ್ತಿದಳು. ಕೊರಟಗೆರೆ ದಾಟುವವರೆಗೂ ಅವಳ ತಲೆಯಲ್ಲಿ ಇದ್ದದ್ದು ಸಿಟ್ಟು ಒಂದೇ. ತಾನು ಯಾರ ಸಲುವಾಗಿ ಇಷ್ಟು ಮೈಮೇಲೆ ಎಳೆದುಕೊಂಡಿದ್ದಳೋ, ಅದೇ ಕರಿಬಸಮ್ಮ ಕಾಲಿಗೆ ತೊಡರಿದ್ದಳು.

ಕೊಳಾಲದ ಶೆಡ್ಡಿನೊಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತಳು. ಏಳೂ ಟ್ರ್ಯಾಕ್ಟರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ತೊಳೆದ ನೀರು ಇನ್ನೂ ಚಕ್ರದಿಂದ ತೊಟ್ಟಿಕ್ಕುತ್ತಿತ್ತು. ಪ್ರತಿಯೊಂದರ ಮೂತಿಗೂ ಮೂರು ಬೆರಳಿನ ವಿಭೂತಿ, ಅದರ ಮೇಲೊಂದು ಕಣಗಿಲೆ ಹೂವು. ಡ್ರೈವರುಗಳು ಕೆಲಸ ಮುಗಿಸಿ ಕೈ ಒರೆಸಿಕೊಂಡು ಮನೆಗೆ ಹೊರಟಿದ್ದರು. ರಂಗೇಶ್ ಮಾತ್ರ ಒಂದು ಹಲಗೆಯ ಮೇಲೆ ಕೂತು ಕರಿಬಸಮ್ಮ ಬಡಿಸಿದ ಮುದ್ದೆ ನುಂಗುತ್ತಿದ್ದ.

ಐವತ್ತೆಂಟರ ಕರಿಬಸಮ್ಮ, ಹತ್ತನೆಯ ತರಗತಿ ಪಾಸು, ಕೊಳಾಲದ ಕೇಂದ್ರವನ್ನು ಮೊದಲ ದಿನದಿಂದ ನಡೆಸಿಕೊಂಡು ಬಂದವಳು. ಲೋಹಿತಾಳ ಮುಖ ನೋಡಿಯೇ ಏನೋ ಆಗಿದೆ ಎಂದು ತಿಳಿದುಕೊಂಡಳು. ಆದದ್ದನ್ನೆಲ್ಲ ಕೇಳಿದ ಮೇಲೆ ಗಂಗಹನುಮಯ್ಯನ ಕಡಲೆಕಾಯಿ ನೆನೆಯಲಿಲ್ಲ ತಾನೇ ಎಂದು ವಿಚಾರಿಸಿದಳು. ಇಲ್ಲ ಎಂದ ಮೇಲೆ ನಿಟ್ಟುಸಿರು ಬಿಟ್ಟಳು.

"ಇವತ್ತು ಸೋಮವಾರ ಕಣಮ್ಮ," ಎಂದಳು. "ನಮ್ ಕಡೆ ಸೋಮವಾರ ಎತ್ತಿನ ಕತ್ತಿಗೆ ನೊಗ ಇಡ್ತಾರಾ? ಬಸವಣ್ಣನ ದಿನ. ಎತ್ತು ಹೋಗಿ ಇದು ಬಂತು. ಅದ್ಕಿದ್ದ ವಾರ ಇದ್ಕೂ ಐತೆ. ಈ ಸುತ್ತಿನಾಗೆ ಸೋಮವಾರ ಗಾಡಿ ಕೇಳೋರೇ ಇಲ್ಲ."

"ಅದಕ್ಕೆ ರಿಪೇರಿ ಅಂತ ಯಾಕಕ್ಕ ಒತ್ತಿದ್ರಿ?"

"ಇನ್ನೇನ್ ಒತ್ಲಿ ಹೇಳು. ಸಿದ್ಧ ಅಂದ್ರೆ ಸುಳ್ಳು. ಕೆಲಸದಲ್ಲಿ ಅಂದ್ರೆ ಯಾರ್ ಹೊಲದಾಗೆ ಅಂತ ಕೇಳ್ತದೆ ನಿನ್ ಕಂಪ್ಯೂಟ್ರು, ಇಲ್ದಿರೋ ಹೊಲ ಎಲ್ಲಿಂದ ತರ್ಲಿ? ರಿಪೇರಿ ಅಂದ್ರೆ ಯಾರೂ ಏನೂ ಕೇಳಾಕಿಲ್ಲ. ಹನ್ನೆರಡು ವರ್ಷದಿಂದ ಇಂಗೇ ಒತ್ಕೊಂಡು ಬಂದಿವ್ನಿ. ಯಾರೂ ವ್ಯಾನ್ ಕಳ್ಸಿರ್ಲಿಲ್ಲ."

ನಿಜ, ಯಾರೂ ಕಳಿಸಿರಲಿಲ್ಲ. ಕರಿಬಸಮ್ಮನ ಸಣ್ಣ ಸುಳ್ಳು ಕೊಳಾಲದ ಶೆಡ್ಡಿನೊಳಗೇ ಹುಟ್ಟಿ ಅಲ್ಲೇ ಮಲಗುತ್ತಿತ್ತು. ಹೊರಗೆ ಬರುತ್ತಿದ್ದದ್ದು ತಿಂಗಳಿಗೊಂದು ಒಟ್ಟು ಸಂಖ್ಯೆ ಮಾತ್ರ. ಅದಕ್ಕೆ ಬಾಗಿಲು ಮಾಡಿ ನಾಲ್ಕು ತಾಲ್ಲೂಕಿಗೆ ಕೇಳುವಂತೆ ಕೂಗಿಸಿದವಳು ಲೋಹಿತಾ. ಕರಾರು ಬರೆಯುವಾಗ ಹೇಗೆ ಕೇಳಬೇಕು, ಹೇಗೆ ಉತ್ತರಿಸಬೇಕು ಎಂದೆಲ್ಲ ಹದಿನೆಂಟು ಪುಟ ಬರೆದಿದ್ದಳು. ಉತ್ತರ ಕೊಡುವವರ ಹತ್ತಿರ ಯಾವ ಯಾವ ಉತ್ತರಗಳಿವೆ ಎಂದು ಮಾತ್ರ ಒಬ್ಬರನ್ನೂ ಕೇಳಿರಲಿಲ್ಲ. ಹಳೆಯ ಪ್ರೋಗ್ರಾಮಿನಲ್ಲಿ ಮೂರು ಮಾತು ಕಂಡವು, ಮೂರನ್ನೇ ಎತ್ತಿ ಬರೆದುಕೊಂಡಿದ್ದಳು. ಅವಳಿಗೆ ನಾಚಿಕೆಯಾಯಿತು. ಸಿಟ್ಟಿನಿಂದ ಬಂದವಳು ಕರಿಬಸಮ್ಮನ ಪಕ್ಕ ಕಲ್ಲಿನ ಮೇಲೆ ಕೂತು, ತಪ್ಪು ನನ್ನದು ಅಕ್ಕ ಎಂದಳು. ಕರಿಬಸಮ್ಮ ಅದಕ್ಕೆ ಉತ್ತರವಾಗಿ ಇನ್ನೊಂದು ತಟ್ಟೆ ತಂದಿಟ್ಟಳು.

ಊಟದ ನಡುವೆ ರಂಗೇಶ್ ಒಂದು ಮಾತಾಡಿದ. ಅವನಿಗೆ ಅದು ದೊಡ್ಡ ಮಾತೇನೂ ಆಗಿರಲಿಲ್ಲ, ಕೈ ನೆಕ್ಕುತ್ತಾ ಆಡಿದ್ದು.

"ಬಂದಿದ್ದು ಬಂದೆ ಅಂತ ಏಳನ್ನೂ ಬಿಚ್ಚಿ ನೋಡ್ದೆ ಮೇಡಂ. ವಾರವಾರ ಗ್ರೀಸು, ಫಿಲ್ಟ್ರು, ನಟ್ಟು ಬೋಲ್ಟು ಎಲ್ಲಾ ಮಾಡ್ತಾರೆ ಇವ್ರು. ಶಿರಾದಾಗೆ ನನ್ ಕಣ್ಣೆದುರಿಗಿರೋ ಗಾಡಿಗಳೇ ಇಂಗಿಲ್ಲ. ಇಲ್ಲಿಗೆ ನಾನು ಹೋದ ವರ್ಷ ಎಷ್ಟ್ ಸಲ ಬಂದೆ, ಲೆಕ್ಕ ಹಾಕಿದ್ರೆ ಒಂದು ಕೈ ಬೆರಳೂ ತುಂಬಾಕಿಲ್ಲ."

ಲೋಹಿತಾಳ ಕೈಯ ತುತ್ತು ಕೈಯಲ್ಲೇ ನಿಂತಿತು.

ಮಂಗಳವಾರವಿಡೀ ಅವಳು ಹಳೆಯ ದಾಖಲೆ ತೆಗೆದು ಕೂತಳು. ಪರೀಕ್ಷೆಯ ಏಳನೆಯ ದಿನ ಯಾವ ತೊಂದರೆಯೂ ಇಲ್ಲದೆ ಕಳೆದುಹೋಯಿತು. ಅದರ ಕಡೆ ಅವಳು ತಲೆ ಎತ್ತಿಯೂ ನೋಡಲಿಲ್ಲ. ಸಂಜೆ ಕಂಪ್ಯೂಟರು ಆರಿಸುವಾಗ ಒಂದೇ ಹಾಳೆ ಅಚ್ಚು ಹಾಕಿಸಿಕೊಂಡು ಬ್ಯಾಗಿಗಿಟ್ಟುಕೊಂಡಳು. ಮನೆಗೆ ಹೋಗುವ ದಾರಿಯಲ್ಲಿ ಅವಳು ಹಾಡು ಗುನುಗುತ್ತಿದ್ದಳು. ಸೋತವರು ಹಾಗೆ ಗುನುಗುವುದಿಲ್ಲ.

ಬುಧವಾರ ಹತ್ತಕ್ಕೆ ಮಹಡಿಯ ಹಾಲಿನಲ್ಲಿ ಎಲ್ಲರೂ ಸೇರಿದರು. ಗೋಡೆಯ ಮೇಲೆ ಕಂಪನಿಯ ಹಳೆಯ ಬೋರ್ಡು, ಅದರಲ್ಲಿ ಬಣ್ಣ ಮಾಸಿದ ಎರಡು ಹಳ್ಳಿಕಾರ್ ಎತ್ತು. ಅದರ ಕೆಳಗೆ ಮಹಾಲಿಂಗಯ್ಯನವರು. ಕರಿಬಸಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಕೊನೆಯ ಕುರ್ಚಿಯಲ್ಲಿ ಕೂತಿದ್ದಳು. ತನ್ನ ಕೇಂದ್ರದ ಹಣೆಬರಹ ಕೇಳಲು ಬಂದಿದ್ದೇನೆ ಎಂದು ಅವಳಿಗೆ ಗೊತ್ತಿತ್ತು.

ಪ್ರಸನ್ನಕುಮಾರ್ ಸುತ್ತು ಬಳಸಲಿಲ್ಲ. ಮೂರು ಗಂಟೆ ಅಂದಿದ್ದಿರಿ, ನಾಲ್ಕಕ್ಕೆ ಐದು ನಿಮಿಷ ಕಮ್ಮಿ ಆಯಿತು, ಪರೀಕ್ಷೆ ಬಿದ್ದುಹೋಯಿತು ಎಂದ. ಲೋಹಿತಾ ಎದ್ದು ನಿಂತು ಹೌದು ಎಂದಳು. ಆಮೇಲೆ ನಡೆದದ್ದನ್ನು ಒಂದೂ ಮುಚ್ಚಿಡದೆ ಹೇಳಿದಳು. ಕೊಳಾಲದ ಸೋಮವಾರ, ಮೂರೇ ಮಾತಿನ ಕರಾರು, ತಾನು ಕೇಳದೆ ಬಿಟ್ಟ ಪ್ರಶ್ನೆ. ನಾಲ್ಕನೆಯ ಮಾತು ಸೇರಿಸಲು ಅರ್ಧ ದಿನದ ಕೆಲಸ, ಸೇರಿಸಿದರೆ ಮತ್ತೆ ಹೀಗಾಗುವುದಿಲ್ಲ ಎಂದಳು. ಪ್ರಸನ್ನಕುಮಾರ್ ತಲೆ ಆಡಿಸಿದ. ಇದೇ ನಾನು ಹೇಳುವುದು, ಒಬ್ಬೊಬ್ಬರು ಒಂದೊಂದು ಪದ್ಧತಿ ಇಟ್ಟುಕೊಂಡರೆ ಹೀಗೇ, ಒಂದೇ ಪ್ರೋಗ್ರಾಂ ಇದ್ದಿದ್ದರೆ ಈ ರಗಳೆ ಇರುತ್ತಿರಲಿಲ್ಲ ಎಂದ.

ಆಗ ಲೋಹಿತಾ ಆ ಒಂದು ಹಾಳೆಯನ್ನು ಅವನ ಮುಂದಿಟ್ಟಳು.

"ಒಂದೇ ಪ್ರೋಗ್ರಾಂ ಬಂದಿದ್ರೂ ಅದರಲ್ಲಿ ಇದೇ ಮೂರು ಮಾತು ಇರ್ತಿತ್ತು ಸರ್, ಕರಿಬಸಮ್ಮಕ್ಕ ಇದನ್ನೇ ಒತ್ತೋರು. ಗಲಾಟೆ ಆಗ್ತಿರಲಿಲ್ಲ, ನಿಜ. ಯಾಕಂದ್ರೆ ಅಷ್ಟರಲ್ಲಿ ನಾವು ಕೊಳಾಲ ಮುಚ್ಚಿರ್ತಿದ್ವಿ. ಇದನ್ನ ಒಂದ್ಸಲ ಓದಿ."

ಹಾಳೆಯಲ್ಲಿ ಇದ್ದದ್ದು ಹೆಚ್ಚೇನಲ್ಲ. ಕೊಳಾಲದ ಏಳು ಟ್ರ್ಯಾಕ್ಟರುಗಳು ಹೋದ ವರ್ಷ ರಿಪೇರಿಯಲ್ಲಿ ಕಳೆದ ದಿನಗಳು ಒಟ್ಟು ಮುನ್ನೂರ ಎಪ್ಪತ್ತೈದು. ಅದರಲ್ಲಿ ಐವತ್ತೆರಡು ಸೋಮವಾರಗಳ ಪಾಲು ಮುನ್ನೂರ ಅರವತ್ತನಾಲ್ಕು. ಉಳಿದದ್ದು ಹನ್ನೊಂದು. ಅಷ್ಟೇ ಟ್ರ್ಯಾಕ್ಟರುಗಳಿರುವ ಮಧುಗಿರಿಯಲ್ಲಿ, ಯಜಮಾನರ ಮನೆ ಬಾಗಿಲಲ್ಲೇ, ನೂರ ನಲವತ್ತು.

ಪ್ರಸನ್ನಕುಮಾರ್ ಹಾಳೆಯನ್ನು ಎರಡು ಸಲ ಓದಿದ. ಬೆರಳಿಟ್ಟು ತಾನೇ ಕಳೆದು ನೋಡಿದ. ಕಂಡದ್ದನ್ನು ನಂಬುವ ಮನುಷ್ಯ ಎಂದೆನಲ್ಲ, ಈಗ ಅವನಿಗೆ ನಂಬದೆ ವಿಧಿಯಿರಲಿಲ್ಲ. ರಂಗೇಶನ ಕಡೆ ನೋಡಿದ. ರಂಗೇಶ್ ತಲೆಯಾಡಿಸಿ, ಸೋಮವಾರ ಸೋಮವಾರ ಬಿಚ್ಚಿ ಗ್ರೀಸು ಹಾಕಿದ್ರ ಫಲ ಸಾರ್ ಎಂದ.

ಅಷ್ಟು ಹೊತ್ತು ಕಣ್ಣು ಮುಚ್ಚಿ ಕೂತಿದ್ದ ಮಹಾಲಿಂಗಯ್ಯನವರು ಕಣ್ಣು ಬಿಟ್ಟರು. ಅವರಿಗೆ ಸಂಖ್ಯೆಯಲ್ಲಿ ಆಸಕ್ತಿ ಇದ್ದಂತೆ ಕಾಣಲಿಲ್ಲ. ಕೊನೆಯ ಕುರ್ಚಿಯತ್ತ ಕತ್ತು ಹೊರಳಿಸಿ ಕೇಳಿದರು.

"ಅಲ್ಲಮ್ಮ ಕರಿಬಸಮ್ಮ, ಟ್ರ್ಯಾಕ್ಟ್ರಿಗೂ ಸೋಮವಾರ ಅಂತ ನಿಂಗೆ ಹೇಳ್ದೋರು ಯಾರು?"

ಕರಿಬಸಮ್ಮ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಅವಳ ಮುಖದಲ್ಲಿ ಇದ್ದದ್ದು ಹೆದರಿಕೆಯಲ್ಲ, ಆಶ್ಚರ್ಯ.

"ನೀವೇ ಹೇಳಿದ್ರಲ್ಲ ಯಜಮಾನ್ರೆ," ಎಂದಳು. "ಮೊದಲ್ನೇ ಗಾಡಿ ತಂದ ದಿವ್ಸ. ಎತ್ತಿನ ಜೋಡಿ ಮಾರಿ ತಂದಿದ್ರಿ. ಅವತ್ತು ನಿಮ್ ಕಣ್ಣಾಗೆ ನೀರಿತ್ತು. ಎತ್ತಿನ ಜಾಗಕ್ಕೆ ಬಂದೈತೆ, ಅವಕ್ಕಿದ್ದ ಸೋಮವಾರ ಇದ್ಕೂ ಇರ್ಲಿ ಕಣಮ್ಮ ಅಂದ್ರಿ. ಆಮ್ಯಾಕೆ ಬ್ಯಾಡ ಅಂತ ಯಾರೂ ಹೇಳ್ಲಿಲ್ಲ."

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಕೊಳಾಲದ ಒಂದು ಹುಣಸೆಮರದ ಕೆಳಗೆ ಒಂದೇ ಟ್ರ್ಯಾಕ್ಟರಿನಿಂದ ಶುರುವಾದ ಕಂಪನಿ ಇದು. ಆಮೇಲೆ ಮಧುಗಿರಿಗೆ ಬಂದು, ಬೆಳೆದು, ನಾಲ್ಕು ತಾಲ್ಲೂಕಿಗೆ ಹರಡಿ, ಹೇಳಿದವರೇ ಹೇಳಿದ್ದನ್ನು ಮರೆತುಬಿಟ್ಟಿದ್ದರು. ಕೇಳಿಸಿಕೊಂಡವಳು ಮರೆತಿರಲಿಲ್ಲ. ಅವಳ ಕೇಂದ್ರ ಮುಚ್ಚುವ ಮಾತು ಬಂದಾಗಲೂ ಇದನ್ನು ಎತ್ತಿ ಆಡಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಎಲ್ಲರಿಗೂ ಗೊತ್ತಿರುವ ವಿಷಯವೆಂದೇ ಅವಳು ತಿಳಿದಿದ್ದಳು. ಮಹಾಲಿಂಗಯ್ಯನವರು ತಲೆಯ ಮೇಲಿನ ಬೋರ್ಡಿನತ್ತ ಕತ್ತೆತ್ತಿ ನೋಡಿದರು. ದಿನವೂ ಅದರ ಕೆಳಗೇ ಕೂರುತ್ತಿದ್ದವರು, ಬಹಳ ವರ್ಷದ ಮೇಲೆ ಆ ಜೋಡಿಯನ್ನು ನೋಡುತ್ತಿರುವವರ ಹಾಗೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತಾ ಕೂತರು. ಬಹಳ ಹೊತ್ತು ಒರೆಸಿದರು.

ಗೆದ್ದೆನೋ ಸೋತೆನೋ ಅನ್ನುವುದು ಆ ಗಳಿಗೆಯಲ್ಲಿ ಲೋಹಿತಾಳಿಗೆ ಮರೆತೇ ಹೋಗಿತ್ತು.

ಮೊದಲು ಮಾತಾಡಿದವನು ಪ್ರಸನ್ನಕುಮಾರ್. ನಮ್ಮಲ್ಲಿರುವ ಒಳ್ಳೆಯ ಏಳು ಗಾಡಿಗಳನ್ನೇ ನಾನು ಮಾರಲು ಹೊರಟಿದ್ದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ನಂತರ ಹಾಳೆಯನ್ನು ಮಗುಚಿ, ಜೇಬಿನ ಪೆನ್ನು ತೆಗೆದು, ಹಿಂಬದಿಯಲ್ಲಿ ಕೊಳಾಲ, ಸೋಮವಾರ ಎಂದು ಬರೆದ. ಅದರ ಕೆಳಗೆ ಪಾವಗಡ ಎಂದು ಬರೆದು ತಲೆ ಎತ್ತಿದ.

"ಲಕ್ಷ್ಮೀಪತಿ, ನಿಮ್ಮ ಗಾಡಿಗಳಿಗೆ ಯಾವ ವಾರ ಬೇಕು?"

ಲಕ್ಷ್ಮೀಪತಿ ಒಂದು ಕ್ಷಣವೂ ಯೋಚಿಸಲಿಲ್ಲ. "ಶನಿವಾರಂ ಸಾರ್, ಇಂಕೇಮುಂದಿ, ಇನ್ನೇನೈತೆ? ಶನಿಮಹಾತ್ಮನ್ ಊರು ನಮ್ದು. ಆವತ್ತು ಹೆಂಗೂ ರೋಡೆಲ್ಲಾ ಜನ ಇರ್ತಾರೆ, ಟ್ರ್ಯಾಕ್ಟ್ರು ಆಚೆ ತೆಗ್ಯಾಕೇ ಆಗಲ್ಲ."

ಶಿರಾಕ್ಕೆ ಶುಕ್ರವಾರ ಎಂದ ರಂಗೇಶ್. ಅವನ ಡ್ರೈವರುಗಳಲ್ಲಿ ಮುಕ್ಕಾಲು ಪಾಲು ಜನ ಆ ದಿನ ನಮಾಜಿಗೆ ಹೋಗಿ ಬರುವಷ್ಟರಲ್ಲಿ ಹೇಗೂ ಅರ್ಧ ದಿನ ಕಳೆದಿರುತ್ತಿತ್ತು. ಮಧುಗಿರಿಯವರು ಮಾತ್ರ ಮಂಗಳವಾರವೋ ಗುರುವಾರವೋ ಎಂದು ಅಲ್ಲೇ ಜಗಳಕ್ಕೆ ನಿಂತರು, ಇವತ್ತಿಗೂ ಆ ಜಗಳ ಮುಗಿದಿಲ್ಲ. ಮೂರು ಕೇಂದ್ರಕ್ಕೂ ಬೇರೆ ಬೇರೆ ದಿನ ಬಂದದ್ದರಿಂದ ಒಬ್ಬರ ಗಾಡಿ ಮಲಗಿದ ದಿನ ಇನ್ನೊಬ್ಬರದು ಎದ್ದಿರುತ್ತದೆ ಎಂದು ಲೋಹಿತಾ ತೋರಿಸಿಕೊಟ್ಟಳು. ದೊಡ್ಡ ಪ್ರೋಗ್ರಾಮಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಪರೀಕ್ಷೆಯಲ್ಲಿ ನೀವು ಸೋತದ್ದು ಸೋತದ್ದೇ ಎಂದು ಪ್ರಸನ್ನಕುಮಾರ್ ಮೆಟ್ಟಿಲಿಳಿಯುವಾಗ ಹೇಳಿದ. ಹೇಳುವಾಗ ನಗುತ್ತಿದ್ದ. ಮುಂದಿನ ಸಲ ಎರಡು ಗಂಟೆ ಅನ್ನುತ್ತೇನೆ ಸರ್ ಎಂದಳು ಲೋಹಿತಾ.

ನಾಲ್ಕನೆಯ ಮಾತು ಏನಿರಬೇಕೆಂದು ಈ ಸಲ ಅವಳು ತಾನೇ ಬರೆಯಲಿಲ್ಲ. ಕೊಳಾಲಕ್ಕೆ ಫೋನು ಮಾಡಿ ಕೇಳಿದಳು. ಕರಿಬಸಮ್ಮ ಒಂದೇ ಮಾತಿನಲ್ಲಿ ಹೇಳಿದಳು: ವಾರ.

ಮುಂದಿನ ಸೋಮವಾರ ಲೋಹಿತಾ ಆರಕ್ಕೆ ಮುಂಚೆಯೇ ಆಫೀಸಿನಲ್ಲಿದ್ದಳು. ಬೆಟ್ಟದ ನೆತ್ತಿಗೆ ಬಿಸಿಲು ತಾಗುವ ಹೊತ್ತಿಗೆ ಕೊಳಾಲದ ಬಾಗಿಲಿನಿಂದ ಒಂದೊಂದೇ ಉತ್ತರ ಬರತೊಡಗಿತು. ವಾರ. ವಾರ. ವಾರ. ಏಳು ಬಂದವು. ಶಿರಾದ ಎರಡು ವ್ಯಾನುಗಳೂ ತಮ್ಮ ಶೆಡ್ಡಿನಲ್ಲೇ ನಿಂತಿದ್ದವು. ಅವಳು ಕುರ್ಚಿಗೆ ಒರಗಿ ಕಾಲು ಚಾಚಿದಳು.

ಆಗ ಎಂಟನೆಯದು ಬಂತು.

ಕೊಳಾಲದಲ್ಲಿ ಇರುವುದೇ ಏಳು. ಎಂಟನೆಯದಕ್ಕೆ ನಂಬರೂ ಸರಿಯಾಗಿರಲಿಲ್ಲ, ಯಾವುದೋ ಹಳೆಯ ಕಾಲದ ನೋಂದಣಿ. ಎಲ್ಲೋ ತಪ್ಪಿದೆ ಎಂದುಕೊಂಡು ಲೋಹಿತಾ ಕೂಡಲೇ ಫೋನು ಮಾಡಿದಳು.

"ತಪ್ಪಲ್ಲ ಕಣಮ್ಮ," ಎಂದಳು ಕರಿಬಸಮ್ಮ. "ಯಜಮಾನ್ರು ಮನೆ ಹಿತ್ಲಾಗೆ ನಿಲ್ಸಿದ್ರಲ್ಲ ಮೊದಲ್ನೇ ಗಾಡಿ, ಅದನ್ನ ನಿನ್ನೆ ಲಾರಿ ಮ್ಯಾಲೆ ಹಾಕಿಸ್ಕೊಂಡು ಬಂದ್ಬುಟ್ರು. ಇಂಜಿನ್ನೇ ಇಲ್ಲ ಅದ್ರಾಗೆ. ಈಗ ತಾವೇ ಪಂಚೆ ಎತ್ತಿ ಕಟ್ಕೊಂಡು ತೊಳೀತಾ ಅವ್ರೆ. ಇದ್ಕೂ ವಾರ ಅಂತ ಒತ್ತಮ್ಮ ಅಂದ್ರು, ಒತ್ತಿವ್ನಿ."

ಇಂಜಿನ್ನಿಲ್ಲದ ಯಂತ್ರವನ್ನು ಪಟ್ಟಿಯಲ್ಲಿ ಇಡಬಾರದು ಎಂದು ಕರಾರಿನ ಹನ್ನೊಂದನೆಯ ಪುಟದಲ್ಲಿ ಲೋಹಿತಾಳೇ ಬರೆದಿದ್ದಳು. ಅವಳು ಆ ಪುಟ ತೆಗೆದು, ಆ ಸಾಲನ್ನು ಅಳಿಸಿ, ಎಂಟನ್ನು ಎಂಟಾಗಿಯೇ ಇರಲು ಬಿಟ್ಟಳು.